ಆಗಸ್ಟ್‌ನಲ್ಲಿ ಕಾಣೆಯಾಗುವ ಹುಡುಗರು

(ಉಡುಪಿಯಲ್ಲಿ ಶಿಕ್ಷಕರು ಮತ್ತು ಪೋಷಕರ ಸಭೆಯೊಂದರಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ ಎಂಬುದು ನಿಮಗೆಲ್ಲ ಗೊತ್ತು. ಮೀನು ಮೊಟ್ಟೆಯಿಡುವ ಕಾಲ, 61 ದಿನಗಳ ನಿಷೇಧ. ಬೋಟುಗಳು ಒಂದಕ್ಕೊಂದು ಒರಗಿಕೊಂಡು ಮಳೆಯಲ್ಲಿ ನೆನೆಯುತ್ತ ನಿಂತಿರುತ್ತವೆ. ಶಾಲೆ ತೆರೆಯುವುದೂ ಅದೇ ಹೊತ್ತಿಗೆ. ನಾನು ಕೆಲಸ ಮಾಡಿದ ಹೈಸ್ಕೂಲು ಬಂದರಿನಿಂದ ದೂರವಿರಲಿಲ್ಲ. ಮಳೆಗಾಲದ ಮೊದಲ ಎರಡು ತಿಂಗಳು ಎಂಟನೆಯ ತರಗತಿಯ ಹಿಂದಿನ ಬೆಂಚುಗಳು ತುಂಬಿರುತ್ತಿದ್ದವು. ಆಗಸ್ಟ್ ಬಂದು ಬೋಟುಗಳು ಹೊರಟವೆಂದರೆ ಆ ಬೆಂಚುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಅಲ್ಲಿ ಕುಳಿತಿದ್ದವರೆಲ್ಲ ಹುಡುಗರು. ಮೂವತ್ತಮೂರು ವರ್ಷ ಗಣಿತ ಕಲಿಸಿದ ನನಗೆ ಈ ಒಂದು ಲೆಕ್ಕ ತಲೆಗೆ ಹತ್ತಲು ಅದರಲ್ಲಿ ಅರ್ಧ ಆಯುಷ್ಯ ಹಿಡಿಯಿತು.

ಇಂದು ನನಗೆ ಕೊಟ್ಟಿರುವ ವಿಷಯದ ಹೆಸರು ದೊಡ್ಡದಾಗಿದೆ: ಕಿರಿಯ ಪ್ರೌಢ ಹಂತದ ವಯಸ್ಸಿನಲ್ಲಿ ಹುಡುಗರ ಶಾಲಾ ದಾಖಲಾತಿ. ಇದು ವಿಶ್ವಸಂಸ್ಥೆಯ ಶಿಕ್ಷಣ ಸಂಸ್ಥೆಯಾದ ಯುನೆಸ್ಕೋದವರು ದೇಶ ದೇಶಗಳನ್ನು ಹೋಲಿಸಲು ಬಳಸುವ ಹಂತ. ಅವರ ಲೆಕ್ಕದಲ್ಲಿ ಭಾರತದ ಮಟ್ಟಿಗೆ ಅದು ಆರರಿಂದ ಎಂಟನೆಯ ತರಗತಿ, ಹನ್ನೊಂದರಿಂದ ಹದಿಮೂರು ವರ್ಷ. ಆದರೆ ನಮ್ಮ ಕರ್ನಾಟಕದಲ್ಲಿ ಹಿರಿಯ ಪ್ರಾಥಮಿಕ ಶಾಲೆ ಮುಗಿಯುವುದು ಏಳಕ್ಕೆ, ಹೈಸ್ಕೂಲು ಶುರುವಾಗುವುದು ಎಂಟಕ್ಕೆ. ಅಂದರೆ ಜಗತ್ತು ಒಂದೇ ಹಂತವೆಂದು ಎಣಿಸುವುದನ್ನು ನಾವು ನಡುವೆ ಕತ್ತರಿಸಿದ್ದೇವೆ. ಏಳು ವರ್ಷ ಮನೆಯ ಹತ್ತಿರದ ಶಾಲೆಯಲ್ಲಿ, ಹೆಸರು ಹಿಡಿದು ಕರೆಯುವ ಟೀಚರ ಬಳಿ ಇದ್ದ ಹುಡುಗ ಟಿ.ಸಿ. ತೆಗೆದುಕೊಂಡು, ಬಸ್ಸು ಹತ್ತಿ, ಗುರುತಿಲ್ಲದ ಕಟ್ಟಡಕ್ಕೆ ಹೋಗಬೇಕು. ಕೆಲವು ಟಿ.ಸಿ.ಗಳು ಈ ಶಾಲೆಯಿಂದ ಹೊರಟು ಆ ಶಾಲೆಯನ್ನು ಮುಟ್ಟುವುದೇ ಇಲ್ಲ. ಮನೆಯಲ್ಲಿ ದೇವರ ಪಟದ ಹಿಂದೆ ಮಡಚಿಟ್ಟಿದ್ದ ಅಂಥ ಒಂದು ಟಿ.ಸಿ.ಯನ್ನು ನಾನೇ ಕೈಯಾರೆ ಬಿಡಿಸಿ ನೋಡಿದ್ದೇನೆ. ಇಸವಿ ನೋಡಿದರೆ ಮೂರು ವರ್ಷ ಹಳೆಯದು.

ಈಗ ದಾಖಲಾತಿ ಎಂಬ ಪದಕ್ಕೆ ಬರೋಣ. ಇಲ್ಲಿರುವ ಶಿಕ್ಷಕರಿಗೆ ಇದು ಗೊತ್ತಿರುವ ಸಂಗತಿ, ಪೋಷಕರಿಗಾಗಿ ಹೇಳುತ್ತೇನೆ. ಒಂದು ಊರನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಹನ್ನೊಂದರಿಂದ ಹದಿಮೂರು ವರ್ಷದ ಹುಡುಗರು 40 ಮಂದಿ. ಆರು, ಏಳು, ಎಂಟನೆಯ ತರಗತಿಗಳ ಹಾಜರಿ ಪುಸ್ತಕದಲ್ಲಿರುವ ಹುಡುಗರ ಹೆಸರು 41. ನಲವತ್ತಕ್ಕೆ ನಲವತ್ತೊಂದು, ಅಂದರೆ ಶೇಕಡಾ 102.5. ಇದಕ್ಕೆ ಒಟ್ಟು ದಾಖಲಾತಿ ಪ್ರಮಾಣ ಎನ್ನುತ್ತಾರೆ. ವರದಿ ಓದಿದವರು ಊರಿನ ಹುಡುಗರೆಲ್ಲ ಶಾಲೆಯಲ್ಲಿದ್ದಾರೆ ಎಂದು ಸಂತೋಷಪಡುತ್ತಾರೆ. ಪುಸ್ತಕ ತೆರೆದು ಜನ್ಮದಿನಾಂಕ ನೋಡಿ. ಆರು ಮಂದಿಗೆ ಹದಿನಾಲ್ಕು ದಾಟಿದೆ, ತಡವಾಗಿ ಸೇರಿದವರು ಅಥವಾ ನಡುವೆ ಬಿಟ್ಟು ಬಂದವರು. ಇಬ್ಬರಿಗೆ ಇನ್ನೂ ಹತ್ತು. ಉಳಿದವರು 33. ಈಗ ಪ್ರಮಾಣ ಶೇಕಡಾ 82.5ಕ್ಕೆ ಇಳಿಯಿತು, ಇದು ನಿವ್ವಳ ದಾಖಲಾತಿ. ಏಳು ಹುಡುಗರು ಆ 102.5ರ ಹಿಂದೆ ಅಡಗಿದ್ದರು. ಅವರಲ್ಲಿ ಒಬ್ಬಿಬ್ಬರು ಐದನೆಯ ತರಗತಿಯಲ್ಲೋ ಒಂಬತ್ತರಲ್ಲೋ ಇರಬಹುದು. ಮಿಕ್ಕವರು ಎಲ್ಲಿ? ಇನ್ನು ಆ 33ರಲ್ಲಿ ನಿನ್ನೆ ಬೆಳಿಗ್ಗೆ ಪ್ರಾರ್ಥನೆಗೆ ನಿಂತವರು ಎಷ್ಟು ಎಂಬ ಪ್ರಶ್ನೆಯನ್ನು ಈ ಎರಡೂ ಲೆಕ್ಕಗಳು ಕೇಳುವುದಿಲ್ಲ.

ದೇಶದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ದೇಶದ ಶಾಲೆಗಳ ಲೆಕ್ಕವಿಡುವ ಕೇಂದ್ರ ಸರಕಾರದ ಯುಡೈಸ್ ವ್ಯವಸ್ಥೆಯ 2021-22ರ ವರದಿಯಲ್ಲಿ ಆರರಿಂದ ಎಂಟರ ಒಟ್ಟು ದಾಖಲಾತಿ ಪ್ರಮಾಣ ಶೇಕಡಾ 94.7. ಒಂಬತ್ತು ಮತ್ತು ಹತ್ತಕ್ಕೆ ಬಂದರೆ 79.6. ಎಂಟರಿಂದ ಒಂಬತ್ತಕ್ಕೆ ದಾಟುವಾಗ ನೆಲ ಎಷ್ಟು ಜಾರುತ್ತದೆ ನೋಡಿ. ಈ ಒಂಬತ್ತು ಹತ್ತರ ಹಂತದಲ್ಲಿ ಹುಡುಗಿಯರು ಶಾಲೆ ಬಿಡುವ ಪ್ರಮಾಣ ಶೇಕಡಾ 12.3, ಹುಡುಗರದ್ದು 13.0. ವ್ಯತ್ಯಾಸ ದೊಡ್ಡದಲ್ಲ. ಆದರೆ ಹುಡುಗ ಶಾಲೆ ಬಿಡುತ್ತಾನೆ ಎಂದರೆ ಯಾರೂ ಬೆಚ್ಚುವುದಿಲ್ಲವಲ್ಲ, ಅದು ನನ್ನನ್ನು ಕಾಡುತ್ತದೆ. ಹುಡುಗಿ ಎಂಟನೆಯ ತರಗತಿಗೆ ಶಾಲೆ ಬಿಟ್ಟಳು ಎಂದರೆ ಇಂದು ಈ ಊರಿನಲ್ಲಿ ನಾಲ್ಕು ಮಂದಿ ಹೋಗಿ ತಂದೆಯನ್ನು ಕೇಳುತ್ತಾರೆ, ಕೇಳಲೇಬೇಕು. ಹುಡುಗ ಬಿಟ್ಟರೆ ಅದೇ ನಾಲ್ಕು ಮಂದಿ ಹೇಳುವ ಮಾತು ಒಂದೇ: ‘ದುಡಿಯುವುದಕ್ಕೆ ಹೋಗಿದ್ದಾನೆ, ಒಳ್ಳೆಯದೇ ಆಯಿತು.’

ಈ ಮಾತು ನಮ್ಮ ಬಾಯಿಗೆ ಎಲ್ಲಿಂದ ಬಂತು? ಇದಕ್ಕಾಗಿ ಸ್ವಲ್ಪ ಹಿಂದೆ ಹೋಗುತ್ತೇನೆ. ನಮ್ಮ ಕರಾವಳಿಯಲ್ಲಿ ಹುಡುಗ ಮನೆ ಬಿಟ್ಟು ಹೋಗುವುದು ಹೆಮ್ಮೆಯ ಕತೆ. ಹನ್ನೆರಡು ಹದಿಮೂರನೆಯ ವರ್ಷಕ್ಕೆ ಮುಂಬಯಿಗೆ ಹೋಗಿ, ಹೋಟೆಲಿನಲ್ಲಿ ಲೋಟ ತೊಳೆದು, ಗಲ್ಲಾಪೆಟ್ಟಿಗೆಯ ಮೇಲೆ ಕುಳಿತು, ಕೊನೆಗೆ ಊರಿಗೆ ಬಂದು ದೈವಸ್ಥಾನಕ್ಕೆ ಗೋಪುರ ಕಟ್ಟಿಸಿದವರ ಕತೆ ಇಲ್ಲಿ ಕುಳಿತಿರುವ ಅರ್ಧ ಜನರ ಮನೆಯಲ್ಲಿದೆ. ನನ್ನ ಸೋದರಮಾವನೂ ಹಾಗೆ ಹೋದವರೇ. ಆ ಕತೆ ನಿಜ, ಆ ಬೆವರೂ ನಿಜ. ಆದರೆ ಅದನ್ನು ಹೇಳುವಾಗ ನಾವು ಒಂದು ಭಾಗವನ್ನು ಬಿಟ್ಟುಬಿಡುತ್ತೇವೆ. ಮುಂಬಯಿಯಲ್ಲಿ ಕನ್ನಡ ರಾತ್ರಿ ಶಾಲೆಗಳಿದ್ದವು. ನಮ್ಮದೇ ಕಡಲ ಮಕ್ಕಳು ಅಲ್ಲಿ ಕಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು. ಅದು ರಾತ್ರಿ ಶಾಲೆ ನಡೆಸಿತು. ಬೇರೆ ಬೇರೆ ಸಂಘಗಳವರೂ ನಡೆಸಿದರು. ಹೋಟೆಲಿನ ಹುಡುಗ ಸಂಜೆ ಅಂಗಿ ಬದಲಿಸಿ, ನಿದ್ದೆಗಣ್ಣಿನಲ್ಲಿ ಹೋಗಿ ಕುಳಿತು, ಮೆಟ್ರಿಕ್ ಮುಗಿಸಿದ. ಕೆಲವರು ಅಲ್ಲಿಂದಲೇ ಕಾಲೇಜಿಗೆ ಹೋಗಿ ವಕೀಲರಾದರು, ಬ್ಯಾಂಕಿಗೆ ಸೇರಿದರು. ಮಾವ ಹೇಳುತ್ತಿದ್ದರು: ಪಾಠದ ನಡುವೆ ತೂಕಡಿಸಿದ ಹುಡುಗನನ್ನು ಮೇಷ್ಟ್ರು ಬೈಯುತ್ತಿರಲಿಲ್ಲ, ಹತ್ತು ನಿಮಿಷ ಮಲಗಲು ಬಿಟ್ಟು ಆಮೇಲೆ ಎಬ್ಬಿಸುತ್ತಿದ್ದರು. ಬಿಟ್ಟು ಹೋದ ಹುಡುಗನ ಹಿಂದೆ ಶಾಲೆಯೇ ನಡೆದುಕೊಂಡು ಹೋಗಿತ್ತು. ಇಂದು ಕೇಟರಿಂಗ್‌ಗೆ, ಮೊಬೈಲ್ ಅಂಗಡಿಗೆ, ಬಂದರಿಗೆ ಹೋಗುವ ಹುಡುಗನ ಹಿಂದೆ ಯಾವ ಶಾಲೆ ಹೋಗುತ್ತಿದೆ? ಹಳೆಯ ಕತೆಯ ಅರ್ಧವನ್ನು ಮಾತ್ರ ನೆನಪಿಟ್ಟುಕೊಂಡು ನಾವು ಈ ಹುಡುಗರನ್ನು ಆಶೀರ್ವದಿಸಿ ಕಳುಹಿಸುತ್ತಿದ್ದೇವೆ.

ಇನ್ನೂ ಒಂದು ಮಾತು ಇಲ್ಲಿಯೇ ಹೇಳಬೇಕು. ಹಿಂದೆ ಹುಡುಗ ಶಾಲೆಯಲ್ಲಿ ಉಳಿದ ಮನೆಗಳಲ್ಲಿ ಅವನನ್ನು ಉಳಿಸಿದ್ದು ಹೆಚ್ಚಾಗಿ ಬೀಡಿ. ಅಕ್ಕ ಶಾಲೆ ಬಿಟ್ಟು ಚಿಮಿಣಿ ದೀಪದ ಮುಂದೆ ಮೊರ ಇಟ್ಟುಕೊಂಡು ಬೀಡಿ ಕಟ್ಟಿದಳು, ತಮ್ಮನ ಫೀಸು ಕಟ್ಟಿದಳು. ಆದ್ದರಿಂದ ಹುಡುಗರ ಬಗ್ಗೆ ನಾನು ಇಷ್ಟು ಮಾತನಾಡುತ್ತಿರುವುದನ್ನು ಹುಡುಗಿಯರಿಗೆ ಕೊಟ್ಟದ್ದು ಹೆಚ್ಚಾಯಿತು ಎಂಬ ದೂರಾಗಿ ಯಾರೂ ತೆಗೆದುಕೊಳ್ಳಬೇಡಿ. ಆ ಅಕ್ಕಂದಿರ ಸಾಲವೇ ಇನ್ನೂ ತೀರಿಲ್ಲ.

ಓದುವ ಅವಕಾಶ ಸಿಕ್ಕ ಹುಡುಗಿಯರು ಅದನ್ನು ಏನು ಮಾಡಿದರು ಎಂಬುದು ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಕಾಣುತ್ತದೆ. 2024ರಲ್ಲಿ ರಾಜ್ಯದಲ್ಲಿ ಹುಡುಗಿಯರ ತೇರ್ಗಡೆ ಶೇಕಡಾ 81.11, ಹುಡುಗರದ್ದು 65.90. ಮರುವರ್ಷದ ಮೊದಲ ಪರೀಕ್ಷೆಯಲ್ಲಿ 74 ಮತ್ತು 58.07. ಎರಡು ವರ್ಷವೂ ಶೇಕಡಾ ಹದಿನೈದು ಹದಿನಾರರ ಕಂದರ. 2024ರಲ್ಲಿ ನಮ್ಮ ಉಡುಪಿ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಅದು ತಿರುವುಮುರುವು. ಪಟಾಕಿ ಹೊಡೆದೆವು, ನಾನೂ ಸಂತೋಷಪಟ್ಟೆ. ಆದರೆ ಈ ಶೇಕಡಾವಾರು ಪರೀಕ್ಷೆಗೆ ಕುಳಿತವರದ್ದು. ಎಂಟನೆಯ ತರಗತಿಯ ಆಗಸ್ಟ್‌ನಲ್ಲಿ ಎದ್ದು ಹೋದವನು ಈ ಭಿನ್ನರಾಶಿಯ ಅಂಶದಲ್ಲೂ ಇಲ್ಲ, ಛೇದದಲ್ಲೂ ಇಲ್ಲ. ಅವನು ಹೋದದ್ದರಿಂದ ಶಾಲೆಯ ಫಲಿತಾಂಶ ಒಂದಿಷ್ಟು ಮೇಲೇರಿರಲೂಬಹುದು. ಶಿಕ್ಷಕರೇ, ಇದನ್ನು ನಾವು ಒಳಗೊಳಗೇ ಬಲ್ಲೆವು.

ಇದು ನಮ್ಮ ಊರಿನ ಕಾಯಿಲೆ ಮಾತ್ರವಲ್ಲ. 2022ರಲ್ಲಿ ಯುನೆಸ್ಕೋ ಹುಡುಗರ ಬಗ್ಗೆಯೇ ಒಂದು ವರದಿ ತಂದಿತು. ಶಾಲೆಯ ವಯಸ್ಸಿನ 13.2 ಕೋಟಿ ಹುಡುಗರು ಜಗತ್ತಿನಲ್ಲಿ ಶಾಲೆಯ ಹೊರಗಿದ್ದಾರೆ ಎಂದು ಅದರಲ್ಲಿದೆ. ಆಫ್ರಿಕಾದ ಲೆಸೊಥೊ ಎಂಬ ಬೆಟ್ಟದ ನಾಡಿನಲ್ಲಿ ಹುಡುಗನಿಗೆ ದನ ಕುರಿ ಕಾಯುವ ಹೊಣೆ. ಅಲ್ಲಿ ಹೈಸ್ಕೂಲಿನಲ್ಲಿ ಹುಡುಗಿಯರೇ ಹೆಚ್ಚು. ಬಾಂಗ್ಲಾದೇಶದ ಕತೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ಪ್ರೌಢ ಹಂತ ಆರಕ್ಕೇ ಶುರು. 1994ರಲ್ಲಿ ಗ್ರಾಮೀಣ ಹುಡುಗಿಯರಿಗೆ ದೇಶದಾದ್ಯಂತ ವಿದ್ಯಾರ್ಥಿವೇತನ ಕೊಡಲು ಆರಂಭಿಸಿದರು, ಅದಕ್ಕೆ ಹಾಜರಾತಿಯ ಷರತ್ತು ಇಟ್ಟರು, ಓದುವಾಗ ಮದುವೆ ಆಗಬಾರದು ಎಂದರು. ಕೆಲವೇ ವರ್ಷಗಳಲ್ಲಿ ಹುಡುಗಿಯರ ಸಂಖ್ಯೆ ಹುಡುಗರನ್ನು ದಾಟಿತು. ಎಷ್ಟು ಒಳ್ಳೆಯ ಕೆಲಸ! ಅದೇ ಹೊತ್ತಿನಲ್ಲಿ ಬಡವರ ಮನೆಯ ಹುಡುಗ ಚಹಾದಂಗಡಿಯಲ್ಲಿ, ಗ್ಯಾರೇಜಿನಲ್ಲಿ ಇದ್ದ. ಹುಡುಗಿಯ ಬಗ್ಗೆ ಅಲ್ಲಿನ ಸರಕಾರ ಒಂದು ಪ್ರಶ್ನೆ ಕೇಳಿಕೊಂಡಿತ್ತು: ಇವಳನ್ನು ಶಾಲೆಯಿಂದ ಎಳೆಯುತ್ತಿರುವುದು ಯಾವುದು? ಹುಡುಗನ ಬಗ್ಗೆ ಆ ಪ್ರಶ್ನೆ ಏಳಲೇ ಇಲ್ಲ, ಏಕೆಂದರೆ ಉತ್ತರ ಎಲ್ಲರಿಗೂ ಗೊತ್ತಿದೆ ಎಂದುಕೊಂಡಿದ್ದರು.

ಉತ್ತರ ನಮಗೂ ಗೊತ್ತಿದೆಯೆಂದೇ ನಾನು ನಂಬಿದ್ದೆ. ಬಡತನ. ಬಡತನ ನಿಜ. ಮದುವೆಯ ಸೀಸನಿನಲ್ಲಿ ಕೇಟರಿಂಗ್‌ಗೆ ಹೋದರೆ ಒಂದು ರಾತ್ರಿಗೆ ಕೈಗೆ ನಾಲ್ಕೈದು ನೂರು, ಜೊತೆಗೆ ಹೊಟ್ಟೆ ತುಂಬ ಊಟ. ಅಷ್ಟು ಹಣವನ್ನು ಹದಿಮೂರರ ಹುಡುಗ ತಾಯಿಯ ಕೈಗಿಟ್ಟ ದಿನ ಅವನು ಮನೆಯ ಯಜಮಾನ. ಆದರೆ ಅದೇ ಓಣಿಯ, ಅದೇ ಬಡತನದ ಇನ್ನೊಬ್ಬ ಹುಡುಗ ಶಾಲೆ ಬಿಡದೆ ಉಳಿದದ್ದನ್ನೂ ನಾನು ನೋಡಿದ್ದೇನೆ. ಇಬ್ಬರ ನಡುವಿನ ವ್ಯತ್ಯಾಸವನ್ನು ಗಮನಿಸುತ್ತ ಹೋದಾಗ ನನಗೆ ತೋರಿದ್ದು ಇದು. ಬಿಟ್ಟು ಹೋದವನಿಗೆ ಓದಲು ಬರುತ್ತಿರಲಿಲ್ಲ.

ಇದನ್ನು ಮೆಲುದನಿಯಲ್ಲಿ ಹೇಳುವ ಮಾತೆಂದು ನಾವು ಭಾವಿಸಿದ್ದೇವೆ, ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಮನೆಯಲ್ಲಿ ತುಳು, ಓಣಿಯಲ್ಲಿ ಬ್ಯಾರಿ ಅಥವಾ ಕೊಂಕಣಿ, ಶಾಲೆಯಲ್ಲಿ ಪುಸ್ತಕದ ಕನ್ನಡ, ಅದರ ಮೇಲೆ ಬೀಳುವ ಇಂಗ್ಲಿಷ್. ಮೂರನೆಯ ತರಗತಿಯಲ್ಲಿ ತಡವರಿಸಿದವನು ತಡವರಿಸುತ್ತಲೇ ಎಂಟಕ್ಕೆ ಬಂದಿರುತ್ತಾನೆ. ಹದಿಮೂರು ವರ್ಷ, ಮೀಸೆ ಚಿಗುರುವ ಕಾಲ. ಎದ್ದು ನಿಂತು ಓದು ಎಂದಾಗ ಪಕ್ಕದ ಸಾಲಿನಲ್ಲಿ ಹುಡುಗಿಯರು ಇದ್ದಾರೆ. ಅವನಿಗೆ ಆಗುವ ಅವಮಾನವನ್ನು ನೀವು ಒಮ್ಮೆ ಊಹಿಸಿ. ಬಂದರಿನಲ್ಲಿ ಆ ಅವಮಾನವಿಲ್ಲ. ಅಲ್ಲಿ ಅವನು ಜಾಣ.

ಎಷ್ಟು ಜಾಣ ಎಂದು ಒಂದು ಉದಾಹರಣೆ ಹೇಳುತ್ತೇನೆ. ಒಂದು ಸಲ ಅನುಪಾತದ ಪಾಠ ಮಾಡುತ್ತಿದ್ದೆ. ಹಲಗೆಯ ಮೇಲೆ 2:3:5 ಎಂದು ಬರೆದು ಒಂದು ಮೊತ್ತವನ್ನು ಹಂಚಿ ಎಂದೆ. ಹಿಂದಿನ ಬೆಂಚು ಕಲ್ಲಿನ ಹಾಗೆ ಕುಳಿತಿತ್ತು. ಏನು ತೋಚಿತೋ, ಮಾತು ಬದಲಿಸಿ ಕೇಳಿದೆ: ಬಲೆಯ ಮೀನಿಗೆ ಹತ್ತು ಸಾವಿರ ಬಂತು, ದೋಣಿಗೆ ಐದು ಪಾಲು, ಬಲೆಗೆ ಮೂರು, ಜನಕ್ಕೆ ಎರಡು, ಜನ ನಾಲ್ವರು, ಒಬ್ಬನಿಗೆ ಎಷ್ಟು? ನಾನು ಮಾತು ಮುಗಿಸುವುದರೊಳಗೆ ಹಿಂದಿನಿಂದ ‘ಐನೂರು’ ಎಂದು ಕೇಳಿತು. ಕಾಗದವಿಲ್ಲ, ಪೆನ್ನಿಲ್ಲ. ಅಷ್ಟೇ ಅಲ್ಲ, ‘ಡೀಸೆಲ್ ಕಳೆಯಲಿಲ್ಲ ಸಾರ್’ ಎಂದು ನನ್ನ ಲೆಕ್ಕದ ತಪ್ಪನ್ನೂ ಹೇಳಿದ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ಹುಡುಗನಿಗೆ ಗಣಿತ ಬರುವುದಿಲ್ಲ ಎಂದು ಎರಡು ತಿಂಗಳಿನಿಂದ ಅಂಕಪಟ್ಟಿಯಲ್ಲಿ ಬರೆಯುತ್ತ ಬಂದವನು ನಾನು.

ಅವನೂ ಆಗಸ್ಟ್‌ನಲ್ಲಿ ಹೋದ. ಅದು 2012. ಆ ಕತೆಯನ್ನು ಪೂರ್ತಿ ಹೇಳಿಯೇ ಮುಂದೆ ಹೋಗುತ್ತೇನೆ. ಸರಕಾರ ಎಂಟನೆಯ ತರಗತಿಗೆ ಕೊಡುತ್ತಿದ್ದ ಸೈಕಲ್ ನಿಮಗೆ ನೆನಪಿರಬೇಕು. 2006-07ರಲ್ಲಿ ಹುಡುಗಿಯರಿಗೆ ಆರಂಭವಾಗಿ ನಂತರ ಹುಡುಗರಿಗೂ ಬಂದ ಯೋಜನೆ. ಸೈಕಲ್ ಹಂಚುವ ದಿನ ಅವನು ಬಂದ, ಹೊಸ ಅಂಗಿ ಹಾಕಿಕೊಂಡು ಬಂದ. ಮರುವಾರ ನಾನು ಆ ಸೈಕಲನ್ನು ಬಂದರಿನಲ್ಲಿ ನೋಡಿದೆ, ಕ್ಯಾರಿಯರ್ ಮೇಲೆ ಮೀನಿನ ಬುಟ್ಟಿ ಕಟ್ಟಿತ್ತು. ಅವನು ನನ್ನನ್ನು ನೋಡಿ ಐಸ್ ಪೆಟ್ಟಿಗೆಗಳ ಹಿಂದೆ ಸರಿದ. ನಾನು ಕರೆಯಲಿಲ್ಲ. ಮನೆಗೆ ಒಂದು ಸಲ ಹೋದೆ, ತಾಯಿ ಸಿಕ್ಕಿದರು, ಕಳುಹಿಸುತ್ತೇನೆ ಎಂದರು. ಅಷ್ಟಕ್ಕೇ ನನ್ನ ಕರ್ತವ್ಯ ಮುಗಿಯಿತೆಂದುಕೊಂಡೆ. ಆ ಹೊತ್ತಿಗೆ ಮೇಲಿನ ಕಚೇರಿಯೊಂದರಿಂದ ಪಟ್ಟಿ ಕೇಳಿ ಬಂತು, ಜೊತೆಗೆ ಬಾಯಿಮಾತಿನ ಸೂಚನೆಯೂ ಬಂತು: ನಿಮ್ಮ ಶಾಲೆಯಲ್ಲಿ ಬಿಟ್ಟವರು ಸೊನ್ನೆ ಇರಲಿ. ನಾನು ಸೊನ್ನೆ ಬರೆದೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ವಾರಕ್ಕೆರಡು ದಿನ ಹಾಜರಿಯ ಗೆರೆ ಎಳೆಯುತ್ತ ಹೋದೆ. ಎಂಟರ ವರೆಗೆ ಯಾರನ್ನೂ ಅನುತ್ತೀರ್ಣ ಮಾಡುವಂತಿರಲಿಲ್ಲವಾದ್ದರಿಂದ ಮಾರ್ಚ್ ಮುಗಿದಾಗ ಅವನು ಪಾಸು.

ಒಂಬತ್ತು ವರ್ಷಗಳ ನಂತರ, ಎತ್ತರಕ್ಕೆ ಬೆಳೆದ ಯುವಕನೊಬ್ಬ ಶಾಲೆಗೆ ಬಂದ. ಗಲ್ಫಿಗೆ ಹೊರಟಿದ್ದ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಮೇಲೆ ವಲಸೆ ತಪಾಸಣೆ ಅಗತ್ಯ ಎಂಬ ಷರತ್ತು ಬೀಳುತ್ತದೆ. ಸೌದಿ, ಕುವೈತ್, ಕತಾರ್‌ಗಳಿಗೆ ಕೆಲಸಕ್ಕೆ ಹೋಗುವವರಿಗೆ ಅದರಿಂದ ಕಾಗದಪತ್ರದ ಅಲೆದಾಟ ಎಷ್ಟು ಎಂಬುದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅವನು ಕೇಳಿದ: ‘ಸಾರ್, ನಾನು ಎಷ್ಟನೆಯ ಕ್ಲಾಸಿನ ವರೆಗೆ ಪಾಸಾಗಿದ್ದೇನೆ?’ ದಾಖಲೆ ತೆಗೆದು ನೋಡಿ ಎಂಟು ಎಂದೆ. ಅವನು ನನ್ನ ಮುಖವನ್ನೇ ನೋಡಿದ. ‘ನಾನು ಎಂಟಕ್ಕೆ ಎರಡು ತಿಂಗಳು ಬಂದದ್ದಲ್ಲವಾ ಸಾರ್?’ ಎಂದ. ಅವನಿಗೆ ನೆನಪಿತ್ತು.

ನಾನು ಸುಳ್ಳು ಬರೆಯದೆ ಇದ್ದಿದ್ದರೆ ಅವನು ಉಳಿಯುತ್ತಿದ್ದ ಎಂದು ಹೇಳಲಾರೆ. ಆದರೆ ಅವನು ಹೋದದ್ದು ಒಂದು ಕಾಗದದಲ್ಲಾದರೂ ಕಾಣುತ್ತಿತ್ತು. 2013ರಲ್ಲಿ ನಮ್ಮ ರಾಜ್ಯದ ಹೈಕೋರ್ಟು ಶಾಲೆಯಿಂದ ಹೊರಗಿರುವ ಮಕ್ಕಳ ಪ್ರಶ್ನೆಯನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಅದರ ನಂತರ, ಏಳು ದಿನ ಸತತವಾಗಿ ಬಾರದ ಮಗುವನ್ನು ವಿಚಾರಿಸಬೇಕು ಎಂಬ ನಿಯಮ ಬಂತು. ಇಂದು ಪ್ರತಿ ವಿದ್ಯಾರ್ಥಿಗೂ ಗುರುತಿನ ಸಂಖ್ಯೆ ಇದೆ, ಕಂಪ್ಯೂಟರಿನಲ್ಲಿ ಅವನ ಜಾಡು ಇದೆ. ಒಳ್ಳೆಯದು. ಆದರೆ ಹುಡುಗ ಏಳು ದಿನದಿಂದ ಬಂದಿಲ್ಲ ಎಂದು ಕಂಪ್ಯೂಟರಿಗೆ ಹೇಳಬೇಕಾದವರು ನಾವೇ. ಮಣಿಪಾಲದ ಕಟ್ಟಡಗಳ ಕೆಲಸಕ್ಕೆ ಗದಗ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ಬರುವ ಕುಟುಂಬಗಳ ಹುಡುಗರನ್ನು ನೋಡಿ. ಊರಿನ ಶಾಲೆಯಲ್ಲಿ ಹೆಸರಿದೆ, ಹುಡುಗ ಇಲ್ಲಿ ಸಿಮೆಂಟಿನ ಧೂಳಿನಲ್ಲಿ ತಮ್ಮನನ್ನು ಎತ್ತಿಕೊಂಡು ನಿಂತಿದ್ದಾನೆ.

ಕಾನೂನಿನಲ್ಲೂ ಒಂದು ಬಿರುಕಿದೆ, ಅದನ್ನು ಪೋಷಕರು ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ ಹದಿನಾಲ್ಕರ ಒಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ, ಶಾಲೆಯ ಸಮಯ ಬಿಟ್ಟು ಮನೆಯವರ ಉದ್ಯೋಗಕ್ಕೆ ನೆರವಾಗಬಹುದು. ಹದಿನಾಲ್ಕು ತುಂಬಿದ ಮೇಲೆ ಅಪಾಯಕಾರಿ ಕೆಲಸಗಳನ್ನು ಬಿಟ್ಟು ಉಳಿದವಕ್ಕೆ ಇಟ್ಟುಕೊಳ್ಳಬಹುದು. ಅಂದರೆ ಒಂದೇ ಹುಟ್ಟುಹಬ್ಬದ ದಿನ ಶಾಲೆಯ ಹಕ್ಕು ಸಡಿಲವಾಗುತ್ತದೆ, ದುಡಿಮೆಯ ಬಾಗಿಲು ತೆರೆಯುತ್ತದೆ. ನಮ್ಮ ಹುಡುಗರು ಆ ದಿನ ಒಂಬತ್ತನೆಯ ತರಗತಿಯ ಹೊಸ್ತಿಲಲ್ಲಿ ಇರುತ್ತಾರೆ. ಮಧ್ಯಾಹ್ನದ ಬಿಸಿಯೂಟವನ್ನು ನಮ್ಮ ರಾಜ್ಯ ಒಂಬತ್ತು ಹತ್ತಕ್ಕೂ ವಿಸ್ತರಿಸಿದೆ, ಅದಕ್ಕೆ ನಾನು ಕೈ ಮುಗಿಯುತ್ತೇನೆ. ಹಕ್ಕು ಕೂಡ ಅಲ್ಲಿಯ ವರೆಗೆ ಹೋಗಬೇಕು.

ಕಾನೂನು ಬದಲಾಗುವ ವರೆಗೆ ಕಾಯಬೇಕಿಲ್ಲ. ಇಲ್ಲಿರುವ ಎಂಟನೆಯ ತರಗತಿಯ ಶಿಕ್ಷಕರಲ್ಲಿ ನಾನು ಕೇಳುವುದು ಇಷ್ಟೇ. ಜೂನ್ ಮೊದಲ ವಾರ ಪ್ರತಿ ಹುಡುಗನನ್ನೂ ಒಬ್ಬನೇ ಇರುವಾಗ ಕರೆದು ಒಂದು ಪುಟ ಓದಿಸಿ. ತರಗತಿಯ ಮುಂದೆ ಬೇಡ. ಓದಲು ಬಾರದವನಿಗೆ ಜೂನ್, ಜುಲೈ ಎರಡು ತಿಂಗಳು ಸಿಗುತ್ತವೆ, ಬೋಟುಗಳು ದಡದಲ್ಲಿರುವ ಎರಡು ತಿಂಗಳು. ಆ ಅವಧಿಯಲ್ಲಿ ಪಠ್ಯಪುಸ್ತಕವನ್ನು ಪಕ್ಕಕ್ಕಿಟ್ಟು ಅವನಿಗೆ ಓದು ಕಲಿಸಿ. ನಿವೃತ್ತಿಗೆ ಮುಂಚಿನ ನಾಲ್ಕು ವರ್ಷ ನಾನು ಹಾಗೆ ಮಾಡಿದೆ. ಎಲ್ಲರೂ ಉಳಿಯಲಿಲ್ಲ. ಆದರೆ ಓದು ಬಂದವರಲ್ಲಿ ಹೆಚ್ಚಿನವರು ಆಗಸ್ಟ್ ದಾಟಿದರು.

ಈಗಾಗಲೇ ಹೋದವರಿಗಾಗಿ ನಾವು ಐದು ಮಂದಿ ನಿವೃತ್ತರು ಸೇರಿ, ಬರುವ ಸೋಮವಾರದಿಂದ ಗ್ರಾಮ ಪಂಚಾಯತಿನ ಗ್ರಂಥಾಲಯದಲ್ಲಿ ಸಂಜೆ ಏಳರಿಂದ ಒಂಬತ್ತರ ವರೆಗೆ ತರಗತಿ ನಡೆಸುತ್ತೇವೆ. ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಬಹುದು, ಮುಕ್ತ ಶಾಲೆಯ ಮೂಲಕವೂ ಬರೆಯಬಹುದು, ಅರ್ಜಿ ತುಂಬಿಸುವ ಕೆಲಸ ನಮ್ಮದು. ಗಲ್ಫಿಗೆ ಹೊರಟಿದ್ದ ಆ ಯುವಕ ಹೆಸರು ಕೊಟ್ಟಿದ್ದಾನೆ, ತನ್ನ ಬೋಟಿನ ಇಬ್ಬರನ್ನು ಕರೆತರುತ್ತೇನೆ ಎಂದಿದ್ದಾನೆ. ಬೋಟು ಕಡಲಿನಲ್ಲಿರುವ ವಾರ ಬರಲಾಗದಿದ್ದರೆ ಆ ಪಾಠವನ್ನು ಮತ್ತೆ ಮಾಡುತ್ತೇವೆ. ಗಣಿತ ನಾನು ನೋಡಿಕೊಳ್ಳುತ್ತೇನೆ, ಕನ್ನಡಕ್ಕೂ ಸಮಾಜಕ್ಕೂ ಜನ ಇದ್ದಾರೆ. ವಿಜ್ಞಾನಕ್ಕೆ ಒಬ್ಬರು, ಇಂಗ್ಲಿಷಿಗೆ ಒಬ್ಬರು ಬೇಕು. ಬಾಗಿಲ ಬಳಿಯ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇವೆ, ನಿಮ್ಮ ಹೆಸರನ್ನೂ ವಾರದಲ್ಲಿ ಯಾವ ಸಂಜೆ ಬರಬಲ್ಲಿರಿ ಎಂಬುದನ್ನೂ ಬರೆದು ಹೋಗಿ.